ಲಟಿಕೆ ಸಾಕೇ, ಬಸ್ಕಿಯೂ ಬೇಕೇ?

ಈ ಸಲದ ಪತ್ರಗಳಲ್ಲಿ ಬಹುಪಾಲು ಒಂದೇ ಗೊಂದಲದವು: ಕೀಲು, ಬೆನ್ನು, ಸ್ನಾಯುಗಳ ತೊಂದರೆಗೆ ಆಸ್ಟಿಯೋಪಾತ್ (ಕೀಲು, ಸ್ನಾಯುಗಳನ್ನು ಕೈಯಿಂದ ಒತ್ತಿ ಆಡಿಸಿ ಚಿಕಿತ್ಸೆ ಕೊಡುವವರು) ಬಳಿ ಹೋಗಬೇಕೋ, ಫಿಸಿಯೋಥೆರಪಿಸ್ಟ್ ಬಳಿಯೋ? ಎರಡೂ ಕ್ಷೇತ್ರ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ಎರಡು ತಿಂಗಳಿಂದ ಸೊಂಟ ಹಿಡಿದುಕೊಂಡಿದೆ. ಕೂತು ಏಳುವಾಗ ಚಳುಕು. ಸ್ನೇಹಿತರು ಆಸ್ಟಿಯೋಪಾತ್ ಹತ್ತಿರ ಹೋಗು ಅಂತಾರೆ, ಅಣ್ಣ ಫಿಸಿಯೋಥೆರಪಿ ಮಾಡಿಸು ಅಂತಾನೆ. ಎರಡೂ ಕಡೆ ಮಲಗಿಸಿ ಒತ್ತುತ್ತಾರೆ, ಅಲ್ಲವೇ? ವ್ಯತ್ಯಾಸವಾದರೂ ಏನು?

ಉತ್ತರ: ಒತ್ತುವ ಕೈಯನ್ನು ಮಾತ್ರ ನೋಡಿದರೆ ವ್ಯತ್ಯಾಸ ಕಾಣುವುದು ಕಷ್ಟ. ಒತ್ತುವ ಮೊದಲು ಏನೇನು ಪರೀಕ್ಷಿಸಿದರು, ಒತ್ತಿದ ಮೇಲೆ ಮನೆಗೆ ಏನು ಹೇಳಿ ಕಳಿಸಿದರು ಎಂಬುದನ್ನು ಗಮನಿಸಿ.

ಎರಡರ ಹುಟ್ಟೇ ಬೇರೆ. ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಆಸ್ಟಿಯೋಪಥಿಯ ವಿಚಾರ ಮುಂದಿಟ್ಟರು. 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ದೇಹದ ಚೌಕಟ್ಟು ಸರಿಯಿದ್ದು ರಕ್ತ ಸಲೀಸಾಗಿ ಹರಿದರೆ ದೇಹ ತಾನೇ ವಾಸಿಮಾಡಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಫಿಸಿಯೋಥೆರಪಿಗೆ ಹೀಗೆ ಒಬ್ಬ ಗುರುವಿಲ್ಲ. 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಪೆರ್ ಹೆನ್ರಿಕ್ ಲಿಂಗ್ ಕಟ್ಟಿದ ವ್ಯಾಯಾಮ ಸಂಸ್ಥೆ, 1894ರಲ್ಲಿ ಇಂಗ್ಲೆಂಡಿನ ನಾಲ್ವರು ದಾದಿಯರು ಕಟ್ಟಿದ ಮಸಾಜ್ ತಜ್ಞೆಯರ ಸಂಘ, ಆಮೇಲೆ ಮಹಾಯುದ್ಧದ ಗಾಯಾಳುಗಳು, ಪೋಲಿಯೋ ಮಕ್ಕಳು, ಹೀಗೆ ಬೆಳೆದು ಬಂತು. ಒಂದು ಸಿದ್ಧಾಂತದಿಂದ ಹುಟ್ಟಿತು, ಇನ್ನೊಂದು ಆಸ್ಪತ್ರೆಯ ವಾರ್ಡಿನಿಂದ. ಆ ಜಾಯಮಾನ ಇವತ್ತಿಗೂ ಎರಡರಲ್ಲೂ ಉಳಿದಿದೆ.

ನಿಮ್ಮ ಸೊಂಟವನ್ನೇ ತೆಗೆದುಕೊಳ್ಳೋಣ. ಆಸ್ಟಿಯೋಪಾತ್ ನಿಮ್ಮನ್ನು ನಿಲ್ಲಿಸಿ ಭುಜ, ಸೊಂಟದ ಎತ್ತರ ನೋಡುತ್ತಾರೆ, ಬಗ್ಗಿಸುತ್ತಾರೆ, ತಿರುಗಿಸುತ್ತಾರೆ. ನೋವಿರುವ ಜಾಗದ ಜೊತೆಗೆ ತೊಡೆಯ ಕೀಲು, ಪಕ್ಕೆಲುಬು, ಬೆನ್ನಿನ ಮೇಲ್ಭಾಗವನ್ನೂ ಬೆರಳಲ್ಲಿ ತಡವಿ, ಎಲ್ಲಿ ಬಿಗಿಯಿದೆ, ಯಾವ ಕೀಲು ಕಡಿಮೆ ಆಡುತ್ತಿದೆ ಎಂದು ಹುಡುಕುತ್ತಾರೆ. ಆಮೇಲೆ ಹೆಚ್ಚಿನ ಹೊತ್ತು ಚಿಕಿತ್ಸೆ ಮಂಚದ ಮೇಲೆಯೇ: ಸ್ನಾಯು ಸಡಿಲಿಸುವುದು, ಕೀಲನ್ನು ಲಯಬದ್ಧವಾಗಿ ಆಡಿಸುವುದು, ಬೇಕೆನಿಸಿದರೆ ಒಂದು ಚುರುಕಾದ ಒತ್ತು.

ಫಿಸಿಯೋಥೆರಪಿಸ್ಟ್ ಅಳತೆಗೆ ಹೆಚ್ಚು ಗಮನ ಕೊಡುತ್ತಾರೆ. ಬಗ್ಗಿದಾಗ ಬೆರಳ ತುದಿ ನೆಲದಿಂದ ಎಷ್ಟು ದೂರ? ಮಲಗಿಸಿ ನೇರ ಕಾಲನ್ನು ಎತ್ತಿದರೆ ಎಷ್ಟು ಡಿಗ್ರಿಗೆ ನೋವು ಕಾಲಿಗಿಳಿಯುತ್ತದೆ? ಪಾದ ಮೇಲೆತ್ತುವ ಬಲ 0ಯಿಂದ 5ರ ಅಳತೆಯಲ್ಲಿ ಎಷ್ಟು? ಒಂದೇ ಚಲನೆಯನ್ನು ಹತ್ತು ಸಲ ಮಾಡಿಸಿದಾಗ ನೋವು ಕಾಲಿನಿಂದ ಸೊಂಟದ ಕಡೆಗೆ ಸರಿಯಿತೋ, ಇನ್ನೂ ಕೆಳಗಿಳಿಯಿತೋ? ಇದಕ್ಕೆ ತಕ್ಕಂತೆ ವ್ಯಾಯಾಮ, ಎಷ್ಟು ಸಲ, ಎಷ್ಟು ಭಾರ ಎಂಬುದರ ಸಮೇತ. ಕೈಚಿಕಿತ್ಸೆ ಅವರಲ್ಲೂ ಉಂಟು, ಆದರೆ ಅದು ವ್ಯಾಯಾಮಕ್ಕೆ ದಾರಿ ಬಿಡಿಸಿಕೊಡಲು.

ಆದರೆ ಈ ಗೆರೆ ಅಷ್ಟು ನೇರವಾಗಿಲ್ಲ. ತೊಡೆಯ ಹಿಂದಿನ ಸ್ನಾಯು ಬಿಗಿಯಾಗಿದೆ ಎನ್ನಿ. ಮಲಗಿಸಿ ಕಾಲನ್ನು ಬಿಗಿ ತಗಲುವವರೆಗೆ ಎತ್ತಿ, 'ನನ್ನ ಭುಜದ ಮೇಲೆ ಕಾಲನ್ನು ಮೆಲ್ಲಗೆ ಒತ್ತಿ' ಎನ್ನುತ್ತಾರೆ. ಪೂರ್ಣ ಬಲದ ಐದನೇ ಒಂದು ಭಾಗ ಸಾಕು. ಐದಾರು ಸೆಕೆಂಡ್ ಒತ್ತಿ ಬಿಟ್ಟ ಮೇಲೆ ಕಾಲು ಇನ್ನಷ್ಟು ಮೇಲೆ ಹೋಗುತ್ತದೆ. ಹೀಗೆ ಮೂರರಿಂದ ಐದು ಸಲ. ಆಸ್ಟಿಯೋಪಾತ್ ಇದನ್ನು 'ಮಸಲ್ ಎನರ್ಜಿ' ಎನ್ನುತ್ತಾರೆ. ಇದನ್ನೇ ಹೋಲುವುದನ್ನು ಫಿಸಿಯೋ 'ಹೋಲ್ಡ್-ರಿಲ್ಯಾಕ್ಸ್' ಎನ್ನುತ್ತಾರೆ. ಇಲ್ಲಿ ಇಬ್ಬರೂ ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ರೋಗಿಗೆ ಜೋರಾಗಿ ಒತ್ತಲು ಹೇಳುವುದು. ಆಗ ಸ್ನಾಯು ಸಡಿಲವಾಗುವ ಬದಲು ಸೆಟೆದುಕೊಳ್ಳುತ್ತದೆ.

ಬ್ರಿಟನ್ನಿನಲ್ಲಿ 1,300ಕ್ಕೂ ಹೆಚ್ಚು ಸೊಂಟನೋವಿನ ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಸ್ಟಿಯೋಪಾತ್, ಕೈರೋಪ್ರಾಕ್ಟರ್ (ಮುಖ್ಯವಾಗಿ ಬೆನ್ನುಮೂಳೆಗೆ ಕೈಚಿಕಿತ್ಸೆ ಕೊಡುವವರು), ಫಿಸಿಯೋ ಮೂವರೂ ಒಪ್ಪಿಕೊಂಡ ಒಂದೇ ಬಗೆಯ ಕೈಚಿಕಿತ್ಸೆ ಕೊಟ್ಟರು. ಅದರ ಬೆನ್ನಿಗೆ ವ್ಯಾಯಾಮವನ್ನೂ ಸೇರಿಸಿದ ಗುಂಪಿಗೆ ಮೂರು ತಿಂಗಳಿಗೆ ಮಧ್ಯಮ ಮಟ್ಟದ ಲಾಭವಾಯಿತು; ವರ್ಷ ತುಂಬುವಾಗ ಅದು ಸಣ್ಣ ಲಾಭಕ್ಕಿಳಿದಿತ್ತು. ಪವಾಡವಂತೂ ಯಾರ ಕೈಯಲ್ಲೂ ಆಗಲಿಲ್ಲ. ಹಾಗಾಗಿ ನಿಮ್ಮ ಸೊಂಟಕ್ಕೆ ಇಬ್ಬರಲ್ಲಿ ಯಾರಾದರೂ ಆದೀತು, ಮನೆಯಲ್ಲಿ ಮಾಡಲು ಕೆಲಸ ಕೊಡುವವರಾಗಿದ್ದರೆ.

ಆದರೆ ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಜಾಗ ಮತ್ತು ತೊಡೆಸಂದು ಮರಗಟ್ಟಿದರೆ, ಎರಡೂ ಕಾಲಿನ ಬಲ ಕುಗ್ಗಿದರೆ ಇವರಿಬ್ಬರಲ್ಲಿ ಯಾರ ಬಳಿಗೂ ಹೋಗಬೇಡಿ. ಅದು ಬೆನ್ನುಹುರಿಯ ತುದಿಯ ನರಗಳು ಹಿಸುಕಿಕೊಂಡಿರುವ ಲಕ್ಷಣ. ಅದೇ ದಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಮಲಗಿದರೂ ತಗ್ಗದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದ ಮೇಲೆ ಶುರುವಾದ ನೋವು, ಇವಿದ್ದರೂ ಮೊದಲು ವೈದ್ಯರು.

ಪ್ರಶ್ನೆ: ಆಸ್ಟಿಯೋಪಾತ್ ಬೆನ್ನು ತಿರುಗಿಸಿದಾಗ 'ಟಕ್' ಅಂತ ಲಟಿಕೆ ಬಂತು. ಜಾರಿದ್ದ ಮೂಳೆ ಜಾಗಕ್ಕೆ ಕೂತಿತು ಅಂದರು. ನಿಜವೇ?

ಉತ್ತರ: ಇಲ್ಲ. ಬೆನ್ನುಮೂಳೆಯ ಕೀಲು ಥಟ್ಟನೆ ತಪ್ಪಿದರೆ ಅದು ಸಾಮಾನ್ಯವಾಗಿ ದೊಡ್ಡ ಅಪಘಾತದ ಗಾಯ. ಅಂಥವರು ನಡೆದುಕೊಂಡು ಬಂದು ಮಂಚ ಹತ್ತುವುದಿಲ್ಲ. ಕೀಲಿನ ಚೀಲದೊಳಗೆ ಜಾರುಕ ದ್ರವವಿದೆ. ಎರಡು ಮೂಳೆಗಳ ಮೇಲ್ಮೈಯನ್ನು ಥಟ್ಟನೆ ದೂರ ಮಾಡಿದಾಗ ಒಳಗಿನ ಒತ್ತಡ ಕುಸಿದು ಅಲ್ಲೊಂದು ಅನಿಲದ ಪೊಳ್ಳು ಏರ್ಪಡುತ್ತದೆ, ಸದ್ದು ಅದರದು. ಬೆರಳ ಲಟಿಕೆ ಮುರಿಯುವಾಗ ಪೊಳ್ಳು ಹುಟ್ಟುವುದನ್ನು 2015ರಲ್ಲಿ ಎಂಆರ್‌ಐ ಚಿತ್ರದಲ್ಲೇ ಸೆರೆಹಿಡಿದರು. ಅದೇ ಬೆರಳನ್ನು ತಕ್ಷಣ ಮತ್ತೆ ಎಳೆದು ನೋಡಿ, ಸದ್ದು ಬರುವುದಿಲ್ಲ. ಸುಮಾರು ಇಪ್ಪತ್ತು ನಿಮಿಷ ಬೇಕು.

ಹಾಗಾದರೆ ಹಗುರ ಎನಿಸಿದ್ದೇಕೆ? ಆ ಚುರುಕು ಚಲನೆಯಿಂದ ಸುತ್ತಲಿನ ಸ್ನಾಯುಗಳ ಬಿಗಿ ಕೆಲಹೊತ್ತು ಇಳಿಯುತ್ತದೆ, ನೋವಿನ ಸಂವೇದನೆ ತಗ್ಗುತ್ತದೆ. ನಿಜವಾದ ಪರಿಣಾಮವೇ, ಆದರೆ ಬಾಳಿಕೆ ಕಡಿಮೆ. ಆ ಹಗುರದ ಹೊತ್ತಿನಲ್ಲಿ ನಡೆದರೆ, ಬಗ್ಗಿ ಎದ್ದರೆ ಉಪಯೋಗ. ಮನೆಗೆ ಹೋಗಿ ಮಲಗಿದರೆ ಲಟಿಕೆ ವ್ಯರ್ಥ. ಸದ್ದು ಬರದಿದ್ದರೂ ಪರಿಣಾಮಕ್ಕೆ ಕೊರತೆಯಿಲ್ಲ ಎಂಬುದೂ ಗೊತ್ತಿರಲಿ. ಸದ್ದಿಗಾಗಿ ಮೂರು ನಾಲ್ಕು ಸಲ ತಿರುಚುವವರಿದ್ದಾರೆ, ಬೇಡವೆನ್ನಿ.

ಅಂದಹಾಗೆ ಲಟಿಕೆ ಆಸ್ಟಿಯೋಪಥಿಯ ಗುತ್ತಿಗೆಯಲ್ಲ. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆಫ್ರಿ ಮೇಟ್‌ಲ್ಯಾಂಡ್ ಅವರ ಐದು ದರ್ಜೆಯ ಕೀಲು ಚಲನೆಯಲ್ಲಿ ಐದನೆಯದು ಇದೇ ಚುರುಕು ಒತ್ತು.

ಪ್ರಶ್ನೆ: ಆಸ್ಟಿಯೋಪಥಿ ಓದಿದವರು ಪೂರ್ಣ ಪ್ರಮಾಣದ ಡಾಕ್ಟರೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಹೇಳುವ ಇಬ್ಬರೂ ಸರಿಯಿರಬಹುದು. ಅಮೆರಿಕದಲ್ಲಿ ಡಿ.ಒ. (ಆಸ್ಟಿಯೋಪಥಿಕ್ ವೈದ್ಯಕೀಯ) ಪದವಿ ಪಡೆದವರು ಎಂ.ಡಿ.ಗಳಂತೆಯೇ ಪೂರ್ಣ ವೈದ್ಯರು. ಔಷಧಿ ಬರೆಯುತ್ತಾರೆ, ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರೆ. ಬ್ರಿಟನ್ನಿನ ಆಸ್ಟಿಯೋಪಾತ್ ಕೈಚಿಕಿತ್ಸಕರು. 1993ರ ಕಾನೂನಿನ ಪ್ರಕಾರ ನೋಂದಣಿ ಇಲ್ಲದೆ ಆ ಹೆಸರು ಹಾಕಿಕೊಳ್ಳುವಂತಿಲ್ಲ. ಅಂಥ ಕಾನೂನೇ ಇಲ್ಲದ ಕಡೆ ಕೆಲವು ವಾರಾಂತ್ಯದ ಕೋರ್ಸ್ ಮಾಡಿದವರೂ ಅದೇ ಬೋರ್ಡು ತೂಗುಹಾಕಬಹುದು. ಎಷ್ಟು ವರ್ಷ ಓದಿದಿರಿ, ರೋಗಿಗಳ ಮೇಲ್ವಿಚಾರಿತ ತರಬೇತಿ ಎಲ್ಲಿ ಆಯಿತು, ನೋಂದಣಿ ಎಲ್ಲಿದೆ ಎಂದು ಕೇಳಿ. ಫಿಸಿಯೋಥೆರಪಿಯವರನ್ನೂ ಇದೇ ಕೇಳಬೇಕು. ಮುಜುಗರಪಡುವ ಅಗತ್ಯವಿಲ್ಲ, ಓದಿದವರು ಬೇಸರಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಅಮ್ಮನಿಗೆ ಐದು ತಿಂಗಳಿಂದ ಬಲ ಭುಜ ಹಿಡಿದಿದೆ. ಸಕ್ಕರೆ ಕಾಯಿಲೆಯೂ ಇದೆ. ಜಡೆ ಹಾಕಿಕೊಳ್ಳಲು ಕೈ ಏಳುವುದಿಲ್ಲ. 'ಫ್ರೋಜನ್ ಶೋಲ್ಡರ್' ಎಂದಿದ್ದಾರೆ. ಒಂದೇ ಸಲಕ್ಕೆ ಎಳೆದು ಬಿಡಿಸುವವರಿದ್ದಾರಂತೆ, ಕರೆದುಕೊಂಡು ಹೋಗಲೇ?

ಉತ್ತರ: ಬೇಡ. ಈ ಕಾಯಿಲೆಯಲ್ಲಿ ಕೀಲನ್ನು ಸುತ್ತಿರುವ ಚೀಲ ಉರಿಯೂತದಿಂದ ದಪ್ಪಗಾಗಿ ಕುಗ್ಗಿರುತ್ತದೆ. ನೋವಿನ ಹಂತದಲ್ಲಿ ಜಗ್ಗಿದರೆ ಉರಿಯೂತ ಕೆರಳಿ ರಾತ್ರಿ ನಿದ್ದೆ ಇನ್ನೂ ಕೆಡುತ್ತದೆ. ಅಮ್ಮನ ಮೂಳೆ ಟೊಳ್ಳಾಗಿದ್ದರೆ ತೋಳಿನ ಮೂಳೆ ಮುರಿಯುವ ಅಪಾಯವೂ ಉಂಟು. ಬಿಗಿ ಸಡಿಲಿಸಲು ಜಗ್ಗುವ ಕ್ರಮ ವೈದ್ಯಕೀಯದಲ್ಲೂ ಇದೆ, ಆದರೆ ಅರಿವಳಿಕೆ ಕೊಟ್ಟು, ಮೂಳೆ ತಜ್ಞರ ಕೈಯಲ್ಲಿ, ಬೇರೆಲ್ಲ ಸೋತ ಮೇಲೆ.

ಮೊದಲು ಇದು ಅದೇ ಹೌದೇ ಎಂದು ಮನೆಯಲ್ಲೇ ಸ್ವಲ್ಪ ತಿಳಿಯಬಹುದು. ಅಮ್ಮನ ಎರಡೂ ಮೊಣಕೈಗಳನ್ನು ಪಕ್ಕೆಗೆ ಅಂಟಿಸಿ, 90 ಡಿಗ್ರಿ ಮಡಚಿ, ಮುಂಗೈಗಳನ್ನು ಬಾಗಿಲ ರೆಕ್ಕೆಗಳಂತೆ ಹೊರಕ್ಕೆ ತೆರೆಯಲು ಹೇಳಿ. ಎಡಗೈ ಸಲೀಸಾಗಿ ತೆರೆದು ಬಲಗೈ ಮುಂದಕ್ಕೇ ನಿಂತರೆ, ನೀವು ಮೆಲ್ಲಗೆ ತಿರುಗಿಸಿದರೂ ಹೋಗದಿದ್ದರೆ, ಚೀಲವೇ ಬಿಗಿದಿರುವ ಸಾಧ್ಯತೆ ಹೆಚ್ಚು. ತಾನಾಗಿ ಎತ್ತಲಾಗದೆ ನೀವು ಎತ್ತಿದರೆ ಸಲೀಸಾಗಿ ಹೋಗುತ್ತದೆ ಎಂದಾದರೆ ಸ್ನಾಯುರಜ್ಜು ಹರಿದಿರಬಹುದು. ಅದರ ದಾರಿ ಬೇರೆ.

ಆಸ್ಟಿಯೋಪಥಿಯಲ್ಲಿ ಭುಜಕ್ಕೆ ಸ್ಪೆನ್ಸರ್ ತಂತ್ರ ಎಂದಿದೆ. ಪಕ್ಕಕ್ಕೆ ಮಲಗಿಸಿ ಒಂದು ಕೈಯಲ್ಲಿ ಹೆಗಲ ಹಲಗೆಯನ್ನು ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ತೋಳನ್ನು ಏಳು ಹಂತಗಳಲ್ಲಿ ಬಿಗಿಯ ಅಂಚಿನವರೆಗೆ ಮೆಲ್ಲಗೆ ಆಡಿಸುವುದು. ಒಳ್ಳೆಯ ಕೈಯಲ್ಲಿ ಹಿತವಾಗಿರುತ್ತದೆ. ಆದರೆ ವಾರಕ್ಕೊಮ್ಮೆ ಅರ್ಧ ಗಂಟೆ ಆಡಿದ ಚೀಲ ಉಳಿದ ಹೊತ್ತೆಲ್ಲ ಮಡಚಿಕೊಂಡೇ ಇದ್ದರೆ ಹಿಗ್ಗುವುದಿಲ್ಲ. ಇಲ್ಲಿ ಫಿಸಿಯೋಥೆರಪಿಯ ದಿನನಿತ್ಯದ ಕ್ರಮವೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಆ ಕ್ರಮ ಇಷ್ಟು. ಎಡಗೈಯನ್ನು ಮೇಜಿಗೆ ಊರಿ, ಮುಂದಕ್ಕೆ ಬಾಗಿ, ಬಲಗೈಯನ್ನು ನೇತುಬಿಟ್ಟು ಒಂದೆರಡು ನಿಮಿಷ ತೂಗಾಡಿಸುವುದು. ತೂಗಬೇಕಾದ್ದು ಮೈ, ಕೈ ಅದರ ಜೊತೆ ಸುಮ್ಮನೆ ಹೋಗಬೇಕು. ಬಹಳ ಜನ ಭುಜದ ಸ್ನಾಯುವಿನಿಂದಲೇ ಗಿರಗಿರ ತಿರುಗಿಸಿ ನೋವು ಮಾಡಿಕೊಳ್ಳುತ್ತಾರೆ. ಎರಡನೆಯದು ಕೋಲಿನದು: ಮಲಗಿ, ಮೊಣಕೈ ಪಕ್ಕೆಗೆ ತಾಗಿಸಿ, ಎರಡೂ ಕೈಯಲ್ಲಿ ಕೋಲು ಹಿಡಿದು, ಎಡಗೈಯಿಂದ ಬಲಗೈಯನ್ನು ಹೊರಕ್ಕೆ ತಳ್ಳಿ, ಬಿಗಿ ತಗಲಿದಲ್ಲಿ ಐದರಿಂದ ಹತ್ತು ಸೆಕೆಂಡ್ ನಿಲ್ಲಿಸಿ, ಹತ್ತು ಸಲ. ಮೊಣಕೈ ಕೆಳಗೆ ಮಡಚಿದ ಟವೆಲ್ ಇರಲಿ. ಮೂರನೆಯದು, ಮೇಜಿನ ಮುಂದೆ ಕೂತು ಬಟ್ಟೆಯ ಮೇಲೆ ಅಂಗೈ ಇಟ್ಟು ಮುಂದಕ್ಕೆ ಜಾರಿಸುವುದು, ಹತ್ತು ಸಲ. ಎಲ್ಲವೂ ದಿನಕ್ಕೆ ಎರಡು ಮೂರು ಹೊತ್ತು, ಬಿಸಿನೀರಿನ ಸ್ನಾನದ ಬಳಿಕವಾದರೆ ಸುಲಭ. ಹತ್ತರಲ್ಲಿ ನಾಲ್ಕರವರೆಗಿನ ನೋವು ಪರವಾಗಿಲ್ಲ. ಮರುದಿನಕ್ಕೂ ಉಳಿದರೆ ಅಥವಾ ರಾತ್ರಿ ಎಬ್ಬಿಸಿದರೆ ಅಳತೆ ಕಡಿಮೆ ಮಾಡಿ.

ನೋವು ಜೋರಾಗಿದ್ದರೆ ಕೀಲಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ. ಅದರ ನಂತರದ ವಾರಗಳು ವ್ಯಾಯಾಮಕ್ಕೆ ಒಳ್ಳೆಯ ಕಾಲ. ಅಮ್ಮನ ಸಕ್ಕರೆ ಕೆಲವು ದಿನ ಏರಬಹುದು, ಪರೀಕ್ಷಿಸುತ್ತಿರಿ. ಈ ಕಾಯಿಲೆ ಸಡಿಲವಾಗಲು ಒಂದರಿಂದ ಮೂರು ವರ್ಷ ಹಿಡಿಯುವುದುಂಟು, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ನಿಧಾನ. ಆರು ಸಿಟ್ಟಿಂಗ್‌ನಲ್ಲಿ ಪೂರ್ತಿ ಗುಣ ಎನ್ನುವವರಿಂದ ದೂರವಿರಿ.

ಪ್ರಶ್ನೆ: ಕತ್ತು ನೋವಿಗೆ ಕತ್ತು ತಿರುಚಿ ಲಟಿಕೆ ತೆಗೆಸುವುದು ಅಪಾಯವೇ?

ಉತ್ತರ: ಅಪಾಯ ಅಪರೂಪ, ಆದರೆ ಬಂದರೆ ದೊಡ್ಡದು. ಮೆದುಳಿಗೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕತ್ತಿನ ಮೂಳೆಗಳ ತೂತುಗಳ ಮೂಲಕವೇ ಹಾದುಹೋಗುತ್ತವೆ. ಅವುಗಳ ಒಳಪದರ ಸೀಳಿದರೆ ಪಾರ್ಶ್ವವಾಯು ಆಗಬಹುದು. ಇನ್ನೊಂದು ತೊಡಕೆಂದರೆ, ಸೀಳು ಮೊದಲೇ ಶುರುವಾಗಿದ್ದರೆ ಅದರ ಮೊದಲ ಲಕ್ಷಣವೇ ಕತ್ತು ನೋವು, ತಲೆನೋವು. ರೋಗಿ ಅದನ್ನೇ ಹೇಳಿಕೊಂಡು ಮಂಚ ಹತ್ತಿರುತ್ತಾರೆ. ಎಂದೂ ಬಾರದಂಥ ಹೊಸ ಬಗೆಯ ನೋವು, ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖ ಜೋಮು, ಇವುಗಳಲ್ಲಿ ಯಾವುದಿದ್ದರೂ ಕತ್ತನ್ನು ಯಾರಿಗೂ ಕೊಡಬೇಡಿ, ಆಸ್ಪತ್ರೆಗೆ ಹೋಗಿ. ಸಂಧಿವಾತ, ಟೊಳ್ಳು ಮೂಳೆ, ರಕ್ತ ತೆಳುಮಾಡುವ ಮಾತ್ರೆ ಇರುವವರಿಗೂ ಇದು ಸಲ್ಲದು. ಅವಿಲ್ಲದವರೂ 'ಕತ್ತಿಗೆ ಚುರುಕು ಒತ್ತು ಬೇಡ' ಎನ್ನಬಹುದು; ಮೆಲ್ಲಗಿನ ಚಲನೆ ಮತ್ತು ವ್ಯಾಯಾಮ ಇದ್ದೇ ಇವೆ. ಹೇಳದೆ ಕೇಳದೆ ತಿರುಚುವವರ ಬಳಿ ಎರಡನೇ ಸಲ ಹೋಗಬೇಡಿ.

ಪ್ರಶ್ನೆ: ಅಪ್ಪನಿಗೆ ಮಂಡಿಚಿಪ್ಪು ಬದಲಿಸಿ ಎರಡು ವಾರವಾಯಿತು. ಫಿಸಿಯೋ ಬದಲು ಆಸ್ಟಿಯೋಪಾತ್ ಆಗಬಹುದೇ?

ಉತ್ತರ: ಈಗ ಬೇಡ. ಶಸ್ತ್ರಚಿಕಿತ್ಸೆಯ ನಂತರ, ಪಾರ್ಶ್ವವಾಯು ಆದ ಮೇಲೆ, ಐಸಿಯುನಲ್ಲಿ ಕಫ ತೆಗೆಸಲು, ಇಲ್ಲೆಲ್ಲ ಫಿಸಿಯೋಥೆರಪಿಯೇ. ಚರ್ಚೆಗೆ ಆಸ್ಪದವಿಲ್ಲ. ಮಂಡಿ ಪೂರ್ತಿ ನೇರವಾಗುವುದು ಈ ವಾರಗಳ ಮೊದಲ ಗುರಿ. ಜೊತೆಗೆ 90 ಡಿಗ್ರಿಯಷ್ಟು ಮಡಚುವುದು, ಮುಂದೆ 110–120ಕ್ಕೆ ಒಯ್ಯುವುದು. ಮನೆಯವರು ಪ್ರೀತಿಯಿಂದ ಮಾಡುವ ತಪ್ಪೊಂದಿದೆ: ಮಂಡಿಯ ಕೆಳಗೆ ದಿಂಬು. ಹಿತವೆನಿಸುತ್ತದೆ, ಆದರೆ ಮಂಡಿ ಮಡಚಿದ ಸ್ಥಿತಿಯಲ್ಲೇ ಬಿಗಿದುಕೊಳ್ಳುತ್ತದೆ. ದಿಂಬು ಹಿಮ್ಮಡಿಯ ಕೆಳಗಿರಲಿ. ಮಂಡಿಯನ್ನು ಕೆಳಕ್ಕೊತ್ತಿ ಐದು ಸೆಕೆಂಡ್ ಹಿಡಿದು ಹತ್ತು ಸಲ ಮಾಡಲಿ. ಮೀನಖಂಡ ಊದಿ ಬಿಸಿಯಾಗಿ ನೋಯತೊಡಗಿದರೆ ತಿಕ್ಕಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಥಟ್ಟನೆ ಏದುಸಿರು ಬಂದರೆ ತುರ್ತು ಚಿಕಿತ್ಸೆಗೆ ಒಯ್ಯಿರಿ.

ಪ್ರಶ್ನೆ: ಮಗು ಸಂಜೆಯೆಲ್ಲ ಅಳುತ್ತದೆ. ತಲೆಬುರುಡೆಯ ಆಸ್ಟಿಯೋಪಥಿ ಮಾಡಿಸಿ ಎಂದರು.

ಉತ್ತರ: ಹಣ ಉಳಿಸಿ. ಬುರುಡೆಯ ಮೂಳೆಗಳಿಗೆ ತಮ್ಮದೇ ಲಯವಿದೆ, ಅದನ್ನು ಬೆರಳಲ್ಲಿ ಗುರುತಿಸಿ ತಿದ್ದಬಹುದು ಎಂಬುದು ಅಮೆರಿಕದ ಆಸ್ಟಿಯೋಪಾತ್ ವಿಲಿಯಂ ಸದರ್ಲೆಂಡ್ ಅವರ ಕಲ್ಪನೆ. ಒಂದೇ ತಲೆಯನ್ನು ಇಬ್ಬರು ಮುಟ್ಟಿ ಲಯ ಎಣಿಸಿದರೆ ಲೆಕ್ಕ ತಾಳೆಯಾಗುವುದಿಲ್ಲ. ಜ್ವರ, ವಾಂತಿ, ಹಾಲು ಬಿಡುವುದು ಇದ್ದರೆ ಮಕ್ಕಳ ವೈದ್ಯರು. ಇಲ್ಲದಿದ್ದರೆ ಈ ಅಳು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ ತಾನೇ ತಗ್ಗುತ್ತದೆ.

ಪ್ರಶ್ನೆ: ಸೊಂಟಕ್ಕೆ ಹತ್ತು ದಿನ ಫಿಸಿಯೋಥೆರಪಿ ಮಾಡಿಸಿದೆ. ಬಿಸಿ ಪ್ಯಾಕ್ ಇಟ್ಟು, ಕರೆಂಟ್ ಕೊಟ್ಟು, ಟ್ರ್ಯಾಕ್ಷನ್ (ಸೊಂಟ ಜಗ್ಗುವುದು) ಹಾಕಿ ಕಳಿಸಿದರು. ಏನೂ ಆಗಲಿಲ್ಲ. ಫಿಸಿಯೋಥೆರಪಿ ಅಂದರೆ ಇಷ್ಟೇನಾ?

ಉತ್ತರ: ನಿಮಗೆ ಸಿಕ್ಕಿದ್ದು ಯಂತ್ರಗಳ ಪಕ್ಕ ಮಲಗುವ ಅವಕಾಶ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಸೊಂಟನೋವಿಗೆ ಅಲ್ಟ್ರಾಸೌಂಡ್ ಚಿಕಿತ್ಸೆ, ಟೆನ್ಸ್ ಮತ್ತು ಇಂಟರ್‌ಫೆರೆನ್ಶಿಯಲ್ ಎಂಬ ಎರಡು ಬಗೆಯ ಕರೆಂಟ್, ಟ್ರ್ಯಾಕ್ಷನ್ ಇವು ಯಾವುದನ್ನೂ ಕೊಡಬೇಡಿ ಎನ್ನುತ್ತದೆ. ವ್ಯಾಯಾಮ ಕೊಡಿ ಎನ್ನುತ್ತದೆ. ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೆ ಮಾತ್ರ ಪರಿಗಣಿಸಿ ಎನ್ನುತ್ತದೆ. ಈ ಕೊನೆಯ ಮಾತು ಬರೀ ಲಟಿಕೆ ತೆಗೆದು ಕಳಿಸುವ ಆಸ್ಟಿಯೋಪಾತ್‌ಗೂ ಅನ್ವಯಿಸುತ್ತದೆ.

ಹೊಸಬರ ಬಳಿ ಹೋದಾಗ ಮೊದಲ ದಿನವೇ ಕೇಳಿ: ನನ್ನ ತೊಂದರೆ ಯಾವುದೆಂದು ಅಂದಾಜು, ಮನೆಯಲ್ಲಿ ನಾನೇನು ಮಾಡಬೇಕು, ಯಾವ ಅಳತೆಯಿಂದ ಸುಧಾರಣೆ ಗೊತ್ತಾಗುತ್ತದೆ, ಎಷ್ಟು ಭೇಟಿಯೊಳಗೆ? ಅಳತೆ ನಿಮ್ಮ ಬದುಕಿನದೇ ಇರಲಿ: ಎಷ್ಟು ನಿಮಿಷ ನೋವಿಲ್ಲದೆ ಕೂರಬಲ್ಲಿರಿ, ಕುರ್ಚಿಯಿಂದ ಕೈ ಊರದೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಏಳಬಲ್ಲಿರಿ. ಬರೆದಿಡಿ. ನಾಲ್ಕರಿಂದ ಆರು ಭೇಟಿಯಲ್ಲಿ ಆ ಸಂಖ್ಯೆ ಕದಲದಿದ್ದರೆ ಚಿಕಿತ್ಸೆ ಬದಲಿಸಬೇಕು ಅಥವಾ ರೋಗನಿರ್ಣಯವನ್ನೇ ಮತ್ತೆ ನೋಡಬೇಕು. ಮೊದಲೇ ಇಪ್ಪತ್ತು ಭೇಟಿಯ ಹಣ ಕಟ್ಟಿಸಿಕೊಳ್ಳುವವರಿಗೆ ಈ ಲೆಕ್ಕ ಹಿಡಿಸುವುದಿಲ್ಲ.

ಪ್ರಶ್ನೆ: ಇಬ್ಬರ ಬಳಿಯೂ ಒಟ್ಟಿಗೆ ಹೋಗಬಹುದೇ?

ಉತ್ತರ: ಹೋಗಬಹುದು, ಪರಸ್ಪರರಿಗೆ ಗೊತ್ತಿರಲಿ. ಒಬ್ಬರು 'ಬಗ್ಗಬೇಡಿ' ಎಂದು, ಇನ್ನೊಬ್ಬರು ಬಗ್ಗುವ ವ್ಯಾಯಾಮ ಕೊಟ್ಟರೆ ನೀವು ಎರಡನ್ನೂ ಬಿಡುತ್ತೀರಿ. ಕೈಚಿಕಿತ್ಸೆಯ ದಿನವೇ ಹೊಸ ವ್ಯಾಯಾಮ ಶುರುಮಾಡಬೇಡಿ; ಮರುದಿನ ನೋವು ಹೆಚ್ಚಾದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಎರಡರ ನಡುವೆ ಎರಡು ದಿನ ಬಿಡಿ. ಕೈಚಿಕಿತ್ಸೆಯ ಬಳಿಕ ಒಂದೆರಡು ದಿನ ಮೈ ನುಗ್ಗಾದಂತೆ ಅನಿಸುವುದು ಸಹಜ. ಮೂರನೇ ದಿನವೂ ಇಳಿಯದಿದ್ದರೆ, ಅಥವಾ ಕೈಕಾಲಿಗೆ ಹೊಸದಾಗಿ ಜೋಮು ಇಳಿದರೆ, ಮುಂದಿನ ಭೇಟಿಗೆ ಕಾಯದೆ ಅದೇ ದಿನ ತಿಳಿಸಿ.